ಕೈಯಲ್ಲಿ ಉಳಿದ ಒಂದು, ಯಾವ ಒಂದು?

ಪ್ರಶ್ನೆ: ನಾವು ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನವರು. ನಮ್ಮ ಯಜಮಾನರು ಕಾಫಿ ತೋಟವೊಂದರಲ್ಲಿ ರೈಟರ್ ಆಗಿದ್ದಾರೆ. ಮಗಳಿಗೆ ಎಂಟು ವರ್ಷ ತುಂಬಿದೆ, ಇಂಗ್ಲಿಷ್ ಮಾಧ್ಯಮದಲ್ಲಿ ಮೂರನೆಯ ತರಗತಿ ಓದುತ್ತಿದ್ದಾಳೆ. ಒಂದಂಕಿಯ ಕೂಡುವ ಲೆಕ್ಕ ಅವಳಿಗೆ ಬರುತ್ತದೆ. 23ಕ್ಕೆ 45 ಕೂಡು ಎಂದರೂ ಮಾಡುತ್ತಾಳೆ. ದಶಕ ಬಂದಿತೆಂದರೆ ಮಾತ್ರ ಎಲ್ಲವೂ ತಪ್ಪಾಗುತ್ತದೆ. ಟ್ಯೂಷನ್‌ಗೆ ಸೇರಿಸಿದೆವು, ಅಲ್ಲಿ ದಿನಕ್ಕೆ ಇಪ್ಪತ್ತು ಲೆಕ್ಕ ಕೊಡುತ್ತಾರೆ. ಈಗ ಪುಸ್ತಕ ತೆಗೆದರೆ ಅಳುತ್ತಾಳೆ. ಇನ್ನೂ ಬೆರಳು ಮಡಚಿ ಎಣಿಸುತ್ತಾಳೆ, ಅದಕ್ಕೆ ಅವರಪ್ಪನಿಂದ ಬೈಸಿಕೊಳ್ಳುತ್ತಾಳೆ. ಇದು ಕಲಿಕೆಯ ನ್ಯೂನತೆಯೇ? ಪೇಟೆಯಲ್ಲಿ ಅಬ್ಯಾಕಸ್ ತರಗತಿ ಇದೆ, ಸೇರಿಸಬೇಕೆ? ಅವಳ ಲೆಕ್ಕದ ಪುಸ್ತಕದ ಎರಡು ಪುಟಗಳನ್ನು ಇದರೊಂದಿಗೆ ಕಳುಹಿಸಿದ್ದೇನೆ.

ಉತ್ತರ: ಆ ಎರಡು ಪುಟಗಳಿಂದಲೇ ಆರಂಭಿಸುತ್ತೇನೆ, ಏಕೆಂದರೆ ಪತ್ರದಲ್ಲಿ ನೀವು ಬರೆದಿರುವುದಕ್ಕಿಂತ ಹೆಚ್ಚನ್ನು ಅವು ಹೇಳುತ್ತಿವೆ. ಮೊದಲ ಪುಟದಲ್ಲಿ ನಿಮ್ಮ ಮಗಳು 47ಕ್ಕೆ 38 ಕೂಡಿ 715 ಎಂದೂ, 56ಕ್ಕೆ 27 ಕೂಡಿ 713 ಎಂದೂ ಬರೆದಿದ್ದಾಳೆ. ಟ್ಯೂಷನ್ ಶುರುವಾದ ನಂತರದ್ದೆಂದು ತೋರುವ ಎರಡನೆಯ ಪುಟದಲ್ಲಿ 64ಕ್ಕೆ 29 ಕೂಡಿ 83 ಎಂದಿದ್ದಾಳೆ. ಅದೇ ಪುಟದ ಕೊನೆಯಲ್ಲಿ 245ರ ಕೆಳಗೆ 37ನ್ನು ಎಡಕ್ಕೆ ಒತ್ತಿ ಬರೆದು, 615 ಎಂಬ ಉತ್ತರ ತಂದಿದ್ದಾಳೆ.

ಕೆಂಪು ಶಾಯಿಯ ಇಂಟು ಗುರುತುಗಳನ್ನು ಒಂದು ಗಳಿಗೆ ಮರೆತು ನೋಡಿ. ಏಳು ಎಂಟು ಹದಿನೈದು, ಆರು ಏಳು ಹದಿಮೂರು, ನಾಲ್ಕು ಒಂಬತ್ತು ಹದಿಮೂರು: ಅವಳು ಕೂಡಿದ ಒಂದೊಂದು ಜೋಡಿಯೂ ಸರಿಯಾಗಿದೆ. 715ರಲ್ಲಿರುವ 15 ಕೂಡ ಸರಿ, 7 ಕೂಡ ಸರಿ. ಆ ಏಳು ಏಳು ಹತ್ತುಗಳೆಂಬುದು ಮಾತ್ರ ಅವಳ ಲೆಕ್ಕದಲ್ಲಿ ಇಲ್ಲ. 64 ಮತ್ತು 29ರ ಲೆಕ್ಕದಲ್ಲಿ ಹದಿಮೂರರ ಮೂರನ್ನು ಕೆಳಗೆ ಇಟ್ಟು ಹತ್ತನ್ನು ಕೈಬಿಟ್ಟಿದ್ದಾಳೆ. ಒಂದು ಮನೆಯಲ್ಲಿ ಎರಡು ಅಂಕಿ ಬರೆಯಬಾರದೆಂದು ಯಾರೋ ಗದರಿರಬೇಕು, ಆದ್ದರಿಂದ ಒಂದನ್ನು ಬಿಟ್ಟಳು. ಕೊನೆಯ ಲೆಕ್ಕವಂತೂ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿತು. ಅಲ್ಲಿ ಐದರ ಕೆಳಗೆ ಏನೂ ಇಲ್ಲವಾದ್ದರಿಂದ ಐದನ್ನು ಇಳಿಸಿದ್ದಾಳೆ, ನಾಲ್ಕು ಏಳು ಹನ್ನೊಂದು ಎಂದು ಒಂದನ್ನು ಬರೆದು ಇನ್ನೊಂದನ್ನು ಪಕ್ಕದ ಮನೆಗೆ ಕ್ರಮವಾಗಿಯೇ ಒಯ್ದಿದ್ದಾಳೆ, ಎರಡು ಮೂರು ಒಂದು ಆರು ಎಂದು ಮುಗಿಸಿದ್ದಾಳೆ. ಹೇಳಿಕೊಟ್ಟ ವಿಧಾನ ಅಕ್ಷರಶಃ ಪಾಲನೆಯಾಗಿದೆ, ಉತ್ತರ ಮಾತ್ರ 282 ಆಗುವ ಬದಲು 615 ಆಗಿದೆ. ಇನ್ನೂರ ಚಿಲ್ಲರೆಗೆ ಮೂವತ್ತ ಚಿಲ್ಲರೆ ಸೇರಿದರೆ ಆರುನೂರು ದಾಟುವುದುಂಟೇ ಎಂಬ ಅನುಮಾನ ಅವಳಿಗೆ ಬಂದಿಲ್ಲ, ಏಕೆಂದರೆ ಅವಳ ಪಾಲಿಗೆ ಅಲ್ಲಿ ಇನ್ನೂರೂ ಇರಲಿಲ್ಲ, ಮೂವತ್ತೂ ಇರಲಿಲ್ಲ. ಇದ್ದದ್ದು ಬರಿಯ ಐದು ಅಂಕಿಗಳು.

ಆದ್ದರಿಂದ ನಿಮ್ಮ ಮಗಳಿಗೆ ಕೂಡುವುದು ಬರುವುದಿಲ್ಲ ಎಂದು ಹೇಳಲಾರೆ. ಕೈಯಲ್ಲಿ ಉಳಿದದ್ದೆಂದು ನಾವೆಲ್ಲ ಹೇಳುವ ಆ ಒಂದು ವಾಸ್ತವವಾಗಿ ಒಂದು ಹತ್ತು ಎಂಬುದು ಅವಳಿಗೆ ಯಾರಿಂದಲೂ ಮನದಟ್ಟಾಗಿಲ್ಲ. ದಿನಕ್ಕೆ ಇಪ್ಪತ್ತು ಲೆಕ್ಕ ಮಾಡಿಸುವುದರಿಂದ ಅದು ಮನದಟ್ಟಾಗುವುದೂ ಇಲ್ಲ. ಇಪ್ಪತ್ತು ಲೆಕ್ಕದಿಂದ ತಪ್ಪಿಗೇ ಇಪ್ಪತ್ತು ಸಲ ಅಭ್ಯಾಸವಾಗುತ್ತದೆ.

ಮೊದಲು ನೀವು ಮಾಡಬೇಕಾದ ಕೆಲಸ ಕೇಳಿಸಿಕೊಳ್ಳುವುದು. ಒಂದು ಲೆಕ್ಕ ಕೊಡಿ, ಅವಳು ಮಾಡಿ ಮುಗಿಸಲಿ. ಸರಿಯೆಂದಾಗಲಿ ತಪ್ಪೆಂದಾಗಲಿ ಹೇಳದೆ, "ಹೇಗೆ ಮಾಡಿದೆ, ನನಗೆ ಹೇಳು" ಎಂದು ಕೇಳಿ. ನಾವು ಸಾಮಾನ್ಯವಾಗಿ ಉತ್ತರ ತಪ್ಪಾದಾಗ ಮಾತ್ರ ಈ ಪ್ರಶ್ನೆಯನ್ನು ಕೇಳುವುದರಿಂದ, ಪ್ರಶ್ನೆ ಬಂದೊಡನೆ ಮಕ್ಕಳು ರಬ್ಬರ್ ಹುಡುಕುತ್ತಾರೆ. ಸರಿಯಾದ ಉತ್ತರಕ್ಕೂ ಇದನ್ನೇ ಕೇಳುತ್ತ ಬಂದರೆ ಒಂದು ವಾರದೊಳಗೆ ಆ ಗಾಬರಿ ಕಡಿಮೆಯಾಗುತ್ತದೆ.

ಹಲವು ವರ್ಷಗಳ ಹಿಂದೆ ಹಾಸನ ಜಿಲ್ಲೆಯಲ್ಲಿ, ಅರಸೀಕೆರೆ ಕಡೆಯ ಒಂದು ಶಾಲೆಯಲ್ಲಿ, ನಿಮ್ಮ ಮಗಳಂತೆಯೇ 47ಕ್ಕೆ 38 ಸೇರಿಸಿ 715 ಎಂದು ಬರೆದ ಹುಡುಗನೊಬ್ಬ ನನಗೆ ಸಿಕ್ಕಿದ್ದ. ಮನೆಯಲ್ಲಿ ತೆಂಗಿನಕಾಯಿ ವ್ಯಾಪಾರ. ನಾನು ಸ್ಲೇಟನ್ನು ಪಕ್ಕಕ್ಕೆ ಸರಿಸಿ, ಒಂದು ಗುಡ್ಡೆಯಲ್ಲಿ ನಲವತ್ತೇಳು ಕಾಯಿ, ಇನ್ನೊಂದರಲ್ಲಿ ಮೂವತ್ತೆಂಟು ಕಾಯಿ ಇದ್ದರೆ ಒಟ್ಟು ಎಷ್ಟೆಂದು ಕೇಳಿದೆ. ಅವನು ಸೂರಿನ ಕಡೆ ನೋಡಿ, ತುಟಿ ಅಲ್ಲಾಡಿಸಿ, "ಎಂಬತ್ತೈದು" ಎಂದ. ಹೇಗೆ ಎಂದದ್ದಕ್ಕೆ, "ನಲವತ್ತು ಮೂವತ್ತು ಎಪ್ಪತ್ತು, ಏಳು ಎಂಟು ಹದಿನೈದು, ಎಂಬತ್ತೈದು" ಎಂದು ತಡವರಿಸದೆ ಹೇಳಿದ. ಸ್ಲೇಟಿನ 715ನ್ನು ತೋರಿಸಿ, ಹಾಗಾದರೆ ಇದೇನಪ್ಪ ಎಂದೆ. ಅವನು ನನ್ನನ್ನೇ ವಿಚಿತ್ರವಾಗಿ ನೋಡಿ, "ಅದು ಕಾಯಿ ಸಾರ್, ಇದು ಲೆಕ್ಕ" ಎಂದ.

ಇದು ಆ ಹುಡುಗನೊಬ್ಬನ ಕಥೆಯಲ್ಲ. ಬ್ರೆಜಿಲ್ ದೇಶದ ರೆಸಿಫೆ ನಗರದಲ್ಲಿ ಬೀದಿ ವ್ಯಾಪಾರ ಮಾಡುತ್ತಿದ್ದ ಐದು ಮಕ್ಕಳ ಲೆಕ್ಕವನ್ನು ಗಮನಿಸಿದ ಅಧ್ಯಯನವೊಂದು 1985ರಲ್ಲಿ ಪ್ರಕಟವಾಯಿತು. ವ್ಯಾಪಾರದ ನಡುವೆ ಬಾಯಿಲೆಕ್ಕದಲ್ಲಿ ಆ ಮಕ್ಕಳ ಉತ್ತರಗಳು ನೂರಕ್ಕೆ 98ರಷ್ಟು ಸರಿಯಾಗಿದ್ದವು. ಅಂಥವೇ ಲೆಕ್ಕಗಳನ್ನು ಬರಿಯ ಅಂಕಿಗಳಾಗಿ ಕಾಗದದ ಮೇಲೆ ಕೊಟ್ಟಾಗ ನೂರಕ್ಕೆ 37ಕ್ಕೆ ಇಳಿದವು. ಪುಸ್ತಕದ ಲೆಕ್ಕಕ್ಕೂ ಬದುಕಿನ ಲೆಕ್ಕಕ್ಕೂ ನಡುವೆ ಗೋಡೆ ಎದ್ದಾಗ ಹೀಗಾಗುತ್ತದೆ. ನಿಮ್ಮ ಮನೆಯಲ್ಲಿ ಆ ಗೋಡೆ ಇದೆಯೇ ಎಂದು ತಿಳಿಯಲು ಒಂದು ಸಂಜೆ ಸಾಕು. ಯಜಮಾನರು ರೈಟರ್ ಆಗಿರುವುದರಿಂದ ಕೊಯ್ಲಿನ ಕಾಲದಲ್ಲಿ ಕಾಫಿ ಹಣ್ಣು ತೂಕ ಹಾಕಿ ಆಳುವಾರು ಕೆಜಿ ಬರೆದುಕೊಳ್ಳುವುದನ್ನು ಅವಳು ನೋಡಿಯೇ ಇರುತ್ತಾಳೆ. ಒಬ್ಬರು ಬೆಳಿಗ್ಗೆ 47 ಕೆಜಿ, ಮಧ್ಯಾಹ್ನದ ಮೇಲೆ 38 ಕೆಜಿ ಕುಯ್ದರೆ ದಿನಕ್ಕೆ ಎಷ್ಟಾಯಿತೆಂದು ಪುಸ್ತಕ ಪೆನ್ಸಿಲ್ ಇಲ್ಲದೆ ಕೇಳಿ. ಉತ್ತರ ಸರಿ ಬಂದರೆ ಅರ್ಧ ಕೆಲಸ ಈಗಲೇ ಆಗಿದೆ. ಬರದಿದ್ದರೂ ಚಿಂತೆಯಿಲ್ಲ, ಎಲ್ಲಿಂದ ಆರಂಭಿಸಬೇಕೆಂಬುದು ತಿಳಿಯುತ್ತದೆ.

ಈ ಪ್ರಶ್ನೆಗಳನ್ನು ಕನ್ನಡದಲ್ಲಿಯೇ ಕೇಳಿ ಎಂದು ನಾನು ಒತ್ತಿ ಹೇಳುವುದಕ್ಕೆ ಭಾಷಾಭಿಮಾನ ಕಾರಣವಲ್ಲ. ಕನ್ನಡದ ಸಂಖ್ಯಾವಾಚಕಗಳು ಹತ್ತುಗಳನ್ನು ಮುಚ್ಚಿಡದೆ ಹೇಳುತ್ತವೆ. ನಲವತ್ತೇಳು ಎಂದರೆ ನಲವತ್ತು ಮತ್ತು ಏಳು. ಹದಿನಾರು ಎಂದರೆ ಹತ್ತು ಮತ್ತು ಆರು, ಅದೂ ಅಂಕಿಗಳನ್ನು ಬರೆಯುವ ಕ್ರಮದಲ್ಲಿಯೇ. ಇಂಗ್ಲಿಷಿನಲ್ಲಿ ಸಿಕ್ಸ್‌ಟೀನ್ ಎನ್ನುವಾಗ ಆರು ಮೊದಲು ಬರುತ್ತದೆ, ಹತ್ತು ಹಿಂದಿನಿಂದ ಬರುತ್ತದೆ. ಇಲೆವೆನ್, ಟ್ವೆಲ್ವ್ ಎಂಬಲ್ಲಿ ಹತ್ತು ಕಿವಿಗೆ ಬೀಳುವುದೇ ಇಲ್ಲ. ಸಿಕ್ಸ್‌ಟೀನ್‌ಗೂ ಸಿಕ್ಸ್‌ಟಿಗೂ ಇರುವ ವ್ಯತ್ಯಾಸ ಹಿಂದಿನ ಬೆಂಚಿನವರೆಗೆ ಕೇಳಿಸುವುದು ಕಷ್ಟ, ಹದಿನಾರಕ್ಕೂ ಅರವತ್ತಕ್ಕೂ ಅಂಥ ಗೊಂದಲವಿಲ್ಲ. ಮನೆಯಲ್ಲಿ ಕನ್ನಡ ಮಾತನಾಡುವ ಮಗುವಿಗೆ ಈ ಅನುಕೂಲ ತಾನಾಗಿಯೇ ಸಿಕ್ಕಿದೆ. ಶಾಲೆಯ ಪುಸ್ತಕ ಇಂಗ್ಲಿಷಿನಲ್ಲಿದೆ ಎಂಬ ಕಾರಣಕ್ಕೆ ಮನೆಯಲ್ಲೂ ಫಾರ್ಟಿ ಸೆವೆನ್ ಎಂದೇ ಹೇಳಿಸುತ್ತಿದ್ದರೆ ಆ ಅನುಕೂಲವನ್ನು ನಾವೇ ಕಿತ್ತುಕೊಂಡಂತಾಗುತ್ತದೆ. ಹಾಗೆಂದು ಕನ್ನಡದಲ್ಲಿ ತೊಡಕುಗಳೇ ಇಲ್ಲವೆಂದಲ್ಲ. ಒಂಬತ್ತಕ್ಕೂ ತೊಂಬತ್ತಕ್ಕೂ ಮಕ್ಕಳು ಎಡವುತ್ತಾರೆ. ನಾನೂರ ಐದು ಎಂದು ಹೇಳಿ ಬರೆಸಿದರೆ, ನಾನೂರನ್ನು 400 ಎಂದು ಪೂರ್ತಿ ಬರೆದು ಪಕ್ಕದಲ್ಲಿ 5 ಇಟ್ಟು 4005 ಮಾಡುವವರು ಪ್ರತಿ ತರಗತಿಯಲ್ಲೂ ಇರುತ್ತಾರೆ. ನಿಮ್ಮ ಮಗಳಿಗೂ ಇಂಥ ಐದಾರು ಸಂಖ್ಯೆಗಳನ್ನು ಹೇಳಿ ಬರೆಸಿ ನೋಡಿ. ಬರೆಯುವುದರಲ್ಲಿಯೇ ತಪ್ಪಿದರೆ ಕೂಡುವುದನ್ನು ಕೆಲವು ದಿನ ಮುಂದಕ್ಕೆ ಹಾಕಬೇಕಾಗುತ್ತದೆ.

ಇನ್ನು ಹತ್ತನ್ನು ಕಣ್ಣಿಗೆ ತೋರಿಸುವ ಕೆಲಸ. ಇದಕ್ಕೆ ತೆಂಗಿನ ಗರಿಯ ಕಡ್ಡಿಗಿಂತ ಒಳ್ಳೆಯ ಸಾಮಗ್ರಿಯನ್ನು ನಾನು ಕಂಡಿಲ್ಲ. ಹಳೆಯ ಪೊರಕೆಯೊಂದನ್ನು ಬಿಚ್ಚಿ, ಕಡ್ಡಿಗಳನ್ನು ತೊಳೆದು ಒಣಗಿಸಿ, ಗೇಣುದ್ದಕ್ಕೆ ಮುರಿದು, ಇನ್ನೂರು ತುಂಡು ಮಾಡಿಟ್ಟುಕೊಳ್ಳಿ. ಜೊತೆಗೆ ಒಂದು ಹಿಡಿ ರಬ್ಬರ್ ಬ್ಯಾಂಡ್ ಬೇಕು. ಹುಣಸೆ ಬೀಜವೂ ಎಣಿಕೆಗೆ ಒಳ್ಳೆಯದೇ, ಅಳಗುಳಿ ಮಣೆ ಆಡಿದ ಮಕ್ಕಳಿಗೆ ಕೈ ಎಣಿಕೆ ಚುರುಕಾಗಿರುವುದನ್ನು ನಾನು ಕಂಡಿದ್ದೇನೆ. ಆದರೆ ಬೀಜವನ್ನು ಕಟ್ಟಲು ಬರುವುದಿಲ್ಲ, ನಮಗೆ ಈಗ ಬೇಕಾದದ್ದು ಕಟ್ಟುವುದು.

ಮೊದಲ ಎರಡು ಮೂರು ದಿನ ಕೂಡುವ ಮಾತೇ ಬೇಡ. ಒಂದು ಹಿಡಿ ಕಡ್ಡಿ ಕೊಟ್ಟು ಎಷ್ಟಿವೆ ಎಂದು ಕೇಳಿ. ಅವಳು ಒಂದೊಂದಾಗಿ ಎಣಿಸುತ್ತಾಳೆ, ನಡುವೆ ಮಾತನಾಡಿಸಿದರೆ ಲೆಕ್ಕ ತಪ್ಪುತ್ತದೆ. ಹತ್ತು ಹತ್ತಕ್ಕೆ ರಬ್ಬರ್ ಹಾಕಿ ಕಟ್ಟು ಮಾಡಲು ಹೇಳಿ. ನಾಲ್ಕು ಕಟ್ಟು ಮತ್ತು ಏಳು ಬಿಡಿ ಆದಾಗ, ಎಣಿಸದೆಯೇ ನಲವತ್ತೇಳು ಎಂದು ಹೇಳಬಹುದೆಂಬುದು ಅವಳಿಗೇ ಹೊಳೆಯುತ್ತದೆ. ಕಟ್ಟನ್ನು ಅವಳೇ ಕಟ್ಟಬೇಕು, ನೀವು ಕಟ್ಟಿಕೊಡಬಾರದು. ನಿಧಾನವಾಗುತ್ತದೆ, ರಬ್ಬರ್ ಹರಿಯುತ್ತದೆ, ಒಂದೊಂದು ಕಟ್ಟಿನಲ್ಲಿ ಒಂಬತ್ತೇ ಇರುತ್ತವೆ, ಇರಲಿ. ಹತ್ತು ಬಿಡಿಗಳು ಒಂದು ಕಟ್ಟಾಗುವ ಆ ಗಳಿಗೆಯನ್ನು ಬೆರಳುಗಳು ಅರಿಯಬೇಕು. ಹಣದ ಮೂಲಕ ಕಲಿಸಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಕಲಿಸಬಹುದು, ಆದರೆ ಆಮೇಲೆ. ಹತ್ತು ರೂಪಾಯಿಯ ನೋಟಿನೊಳಗೆ ಹತ್ತು ನಾಣ್ಯಗಳು ಕಾಣುವುದಿಲ್ಲ, ಅದನ್ನು ನಂಬಬೇಕಾಗುತ್ತದೆ. ಕಟ್ಟನ್ನು ಮಾತ್ರ ಯಾವಾಗ ಬೇಕಾದರೂ ಬಿಚ್ಚಿ ನೋಡಿಕೊಳ್ಳಬಹುದು. ಕಟ್ಟು ಚೆನ್ನಾಗಿ ಪಳಗಿದ ಮೇಲೆ ನೋಟು ಮತ್ತು ನಾಣ್ಯಕ್ಕೆ ಹೋಗುವುದು ಸರಿಯಾದ ಕ್ರಮ.

ನಂತರ 47ಕ್ಕೆ 38. ನಾಲ್ಕು ಕಟ್ಟು ಏಳು ಬಿಡಿ ಮೇಲಿನ ಸಾಲಿನಲ್ಲಿ, ಮೂರು ಕಟ್ಟು ಎಂಟು ಬಿಡಿ ಕೆಳಗಿನ ಸಾಲಿನಲ್ಲಿ, ಕಟ್ಟುಗಳೆಲ್ಲ ಎಡಕ್ಕೆ, ಬಿಡಿಗಳೆಲ್ಲ ಬಲಕ್ಕೆ ಇರುವಂತೆ ಚಾಪೆಯ ಮೇಲೆ ಇಡಲಿ. ಬಿಡಿಗಳನ್ನು ಒಟ್ಟು ಮಾಡಿದಾಗ ಹದಿನೈದಾಗುತ್ತವೆ. ಇಲ್ಲಿ ನೀವು ಸುಮ್ಮನಿರಬೇಕು. ಕಟ್ಟು ಕಟ್ಟಿ ಅಭ್ಯಾಸವಾದ ಮಗು ಹದಿನೈದು ಬಿಡಿ ಕಂಡೊಡನೆ ತಾನಾಗಿಯೇ ರಬ್ಬರಿಗೆ ಕೈ ಚಾಚುತ್ತದೆ. ಹೊಸ ಕಟ್ಟನ್ನು ಎಲ್ಲಿಡಬೇಕೆಂದು ಒಂದು ಕ್ಷಣ ಯೋಚಿಸಿ ಎಡಗಡೆಯ ಕಟ್ಟುಗಳ ಜೊತೆ ಇಡುತ್ತದೆ, ಏಕೆಂದರೆ ಇಡಲು ಬೇರೆ ಜಾಗವೇ ಇಲ್ಲ. ನೀವು ಇಷ್ಟು ದಿನ "ಕೈಯಲ್ಲಿ ಒಂದು" ಎಂದು ಹೇಳುತ್ತಿದ್ದದ್ದು ಈ ಕಟ್ಟನ್ನೇ. ಎಂಟು ಕಟ್ಟು, ಐದು ಬಿಡಿ. ಎಂಬತ್ತೈದು.

ಹೀಗೆ ಚಾಪೆಯ ಮೇಲೆ ನಡೆದದ್ದನ್ನು ಅದೇ ಹೊತ್ತಿನಲ್ಲಿ ಪುಸ್ತಕದಲ್ಲಿ ಬರೆಯುವುದು ಮುಂದಿನ ಹಂತ. ಬಹಳಷ್ಟು ಮನೆಗಳಲ್ಲಿ, ಶಾಲೆಗಳಲ್ಲಿ ಕೂಡ, ತಪ್ಪುವುದು ಇಲ್ಲಿಯೇ: ಕಡ್ಡಿಯ ಆಟ ಒಂದು ವಾರ, ಬರವಣಿಗೆ ಇನ್ನೊಂದು ವಾರ ಎಂದು ಬೇರೆ ಮಾಡಿಬಿಡುತ್ತಾರೆ, ಗೋಡೆ ಮತ್ತೆ ಎದ್ದುಬಿಡುತ್ತದೆ. ಚಾಪೆಯ ಮೇಲೆ ಒಂದು ಕಟ್ಟು ಸರಿದರೆ ಆ ಕ್ಷಣವೇ ಪುಸ್ತಕದಲ್ಲಿ ಒಂದು ಗುರುತು ಬೀಳಬೇಕು. ಬರೆಯಲು ಚೌಕದ ಗೆರೆಗಳ ಪುಸ್ತಕವನ್ನೇ ಕೊಡಿ, ಮೇಲೆ ನೂರು, ಹತ್ತು, ಬಿಡಿಗಳಿಗೆ ನೂ, ಹ, ಬಿ ಎಂದು ಬರೆಸಿ. 37ರ ಮೂರು ಹತ್ತರ ಮನೆಯಲ್ಲಿ, ಏಳು ಬಿಡಿಯ ಮನೆಯಲ್ಲಿ ಕೂರಬೇಕೆಂಬುದು ಕಟ್ಟು ಮತ್ತು ಬಿಡಿಗಳನ್ನು ಮುಟ್ಟಿದ ಮಗುವಿಗೆ ಹೊಸದಾಗಿ ಹೇಳಬೇಕಾಗುವುದಿಲ್ಲ. ಗೆರೆಯಿಲ್ಲದ ಹಾಳೆಯಲ್ಲಿ ಮಾತ್ರ ಅಂಕಿಗಳು ಜಾರುತ್ತವೆ. 615 ಬಂದದ್ದರಲ್ಲಿ ಹಾಳೆಯ ಪಾಲೂ ಇದೆ.

ಬರೆಯುವ ರೀತಿಯಲ್ಲಿಯೂ ಒಂದು ಸಲಹೆ ಇದೆ, ಇದನ್ನು ಶಾಲೆಯವರು ಒಪ್ಪದಿರಬಹುದು. ನೇರವಾಗಿ ದಶಕ ಒಯ್ಯುವ ಕಿರುದಾರಿಗೆ ಹೋಗುವ ಮೊದಲು ಎರಡು ವಾರ ಉದ್ದದ ದಾರಿಯಲ್ಲಿಯೇ ನಡೆಸಿ. 47ರ ಕೆಳಗೆ 38 ಬರೆದು ಗೆರೆ ಎಳೆದ ಮೇಲೆ, ಮೊದಲ ಸಾಲಿನಲ್ಲಿ 70 ಎಂದು, ಅದರ ಕೆಳಗೆ 15 ಎಂದು ಬರೆಯಲಿ, ಆಮೇಲೆ ಅವೆರಡನ್ನು ಕೂಡಿ 85 ಎನ್ನಲಿ. ಅರಸೀಕೆರೆಯ ಹುಡುಗ ಬಾಯಿಯಲ್ಲಿ ಹೇಳಿದ್ದನ್ನೇ ಇಲ್ಲಿ ಬರೆಸುತ್ತಿದ್ದೇವೆ. ಎಡಗಡೆಯಿಂದ ಆರಂಭಿಸಿದರೂ ತಪ್ಪಿಲ್ಲ, ಮನಸ್ಸಿನಲ್ಲಿ ಕೂಡುವಾಗ ನಾವೆಲ್ಲ ದೊಡ್ಡದರಿಂದಲೇ ಹೊರಡುತ್ತೇವೆ. ನಿಮ್ಮ ಮಗಳು ಬರೆದ 715ಕ್ಕೂ ಈ 70 ಮತ್ತು 15ಕ್ಕೂ ನಡುವೆ ಇರುವುದು ಒಂದು ಸೊನ್ನೆ ಮಾತ್ರ ಎಂಬುದನ್ನು ಗಮನಿಸಿ. "ನಿನ್ನ ಏಳು ಸರಿಯಾಗಿದೆ, ಅದು ಏಳು ಕಟ್ಟು ತಾನೇ, ಕಟ್ಟುಗಳನ್ನು ಹೇಗೆ ಬರೆಯುತ್ತೀ" ಎಂದು ಕೇಳಿದರೆ ಅವಳು ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳಬಲ್ಲಳು.

ಮಕ್ಕಳ ಯೋಚನೆ ಬೆಳೆಯುವ ಬಗೆಯನ್ನು ಸಂಶೋಧಿಸಿದ ಸ್ವಿಸ್ ಮನೋವಿಜ್ಞಾನಿ ಪಿಯಾಜೆಯವರ ಬಳಿ ಅಧ್ಯಯನ ಮಾಡಿದ ಶಿಕ್ಷಣತಜ್ಞೆ ಕಾನ್‌ಸ್ಟನ್ಸ್ ಕಮೀ ಅವರು, ದಶಕ ಒಯ್ಯುವ ಸಿದ್ಧ ವಿಧಾನವನ್ನು ಚಿಕ್ಕ ತರಗತಿಗಳಲ್ಲಿ ಕಲಿಸುವುದೇ ಹಾನಿಕರ, ಅದು ಮಕ್ಕಳ ಸ್ವಂತ ಯೋಚನೆಯನ್ನು ಕೈಬಿಡಿಸಿ ಸ್ಥಾನಬೆಲೆಯನ್ನು ಮರೆಸುತ್ತದೆ ಎಂದು ವಾದಿಸಿದರು. ನಾನು ಅಷ್ಟು ದೂರ ಹೋಗಲಾರೆ. ನಾಳೆ ಪರೀಕ್ಷೆಯಲ್ಲಿ ಶಾಲೆ ಕೇಳುವ ರೀತಿಯಲ್ಲಿ ಅವಳು ಬರೆಯಲೇಬೇಕು. ಅಲ್ಲದೆ ನಾಲ್ಕು ಅಂಕಿಗಳ ಐದಾರು ಸಂಖ್ಯೆಗಳನ್ನು ಕೂಡುವಾಗ ನಮ್ಮ ಹಳೆಯ ವಿಧಾನದಷ್ಟು ಅಚ್ಚುಕಟ್ಟಾದದ್ದು ಇನ್ನೊಂದಿಲ್ಲ. ಆದರೆ ಅವರ ಮಾತಿನ ಅರ್ಧವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ: ಕಿರುದಾರಿಯನ್ನು ತೋರಿಸಬೇಕಾದದ್ದು ಉದ್ದದ ದಾರಿಯಲ್ಲಿ ನಡೆದು ಬೇಸತ್ತವರಿಗೆ. 70, 15, 85 ಎಂದು ಬರೆದು ಬರೆದು, "ಅಮ್ಮಾ, ಇಷ್ಟೊಂದು ಬರೆಯಲೇಬೇಕಾ" ಎಂದು ಅವಳು ಕೇಳುವ ದಿನ ಬರುತ್ತದೆ. ಅಂದು ತೋರಿಸಿ. ಹದಿನೈದರ ಐದನ್ನು ಬಿಡಿಯ ಮನೆಯಲ್ಲಿ ಬರೆದು, ಕಟ್ಟಿದ ಕಟ್ಟಿಗಾಗಿ ಹತ್ತರ ಮನೆಯ ತಲೆಯ ಮೇಲೆ ಒಂದು ಎಂದು ಸಣ್ಣದಾಗಿ ಗುರುತು ಹಾಕಿದರೆ ಒಂದು ಸಾಲು ಉಳಿಯುತ್ತದೆ. ಆಗಲೂ ಬಾಯಲ್ಲಿ "ಕೈಯಲ್ಲಿ ಒಂದು" ಎನ್ನಬೇಡಿ, "ಒಂದು ಹತ್ತು" ಅಥವಾ "ಒಂದು ಕಟ್ಟು" ಎನ್ನಿ. ಕೈಯಲ್ಲಿ ಇಟ್ಟುಕೊಂಡದ್ದು ಮರೆತುಹೋಗುತ್ತದೆ, ಮಕ್ಕಳ ಕೈಯಲ್ಲಂತೂ ಯಾವುದು ನಿಲ್ಲುತ್ತದೆ?

ಬೆರಳು ಮಡಚುವ ವಿಷಯಕ್ಕೆ ಅವರಪ್ಪ ಬೈಯುವುದನ್ನು ದಯವಿಟ್ಟು ನಿಲ್ಲಿಸಲಿ. ಬೆರಳು ತಪ್ಪಲ್ಲ. ಬೆರಳನ್ನು ಒಂದೊಂದಾಗಿ ಮಾತ್ರ ಬಳಸುವುದು ನಿಧಾನ, ಅಷ್ಟೇ. ಅದೇ ಬೆರಳಿನಿಂದ ಹತ್ತನ್ನು ತುಂಬಿಸುವುದನ್ನು ಕಲಿಸಿದರೆ ಅವು ತಾವಾಗಿಯೇ ಮರೆಯಾಗುತ್ತವೆ. ಎಂಟಕ್ಕೆ ಐದು ಎಂದಾಗ, ಎಂಟು ಹತ್ತಾಗಲು ಎಷ್ಟು ಬೇಕು, ಎರಡು, ಐದರಿಂದ ಎರಡು ಕೊಟ್ಟರೆ ಉಳಿದದ್ದು ಮೂರು, ಹದಿಮೂರು. ಇದಕ್ಕೆ ಹತ್ತರ ಜೊತೆಗಾರರು ಬಾಯಿಗೆ ಬರಬೇಕು: ಒಂದು ಒಂಬತ್ತು, ಎರಡು ಎಂಟು, ಮೂರು ಏಳು, ನಾಲ್ಕು ಆರು, ಐದು ಐದು. ಅನ್ನಕ್ಕಿಟ್ಟು ಕೂಗು ಎಣಿಸುವಾಗ ನೀವು ಏಳು ಎಂದರೆ ಅವಳು ಮೂರು ಎನ್ನಲಿ, ಅಷ್ಟು ಸಾಕು. ಮಗ್ಗಿಯಂತೆ ಕೂಡುವುದನ್ನೂ ಬಾಯಿಪಾಠ ಮಾಡಿಸಬೇಕೆ ಎಂದು ತಾಯಂದಿರು ಕೇಳುವುದುಂಟು. ಒಂದರಿಂದ ಒಂಬತ್ತರವರೆಗಿನ ಅಂಕಿಗಳ ಜೋಡಿಗಳಲ್ಲಿ, ತಿರುವುಮುರುವನ್ನು ಒಂದೇ ಎಂದು ಹಿಡಿದರೆ, ಮೊತ್ತ ಹತ್ತನ್ನು ದಾಟುವವು ಬರೀ 20. ಒಂಬತ್ತರ ಜೊತೆಗಿನವು ಎಂಟು, ಎಂಟರ ಜೊತೆ ಹೊಸದಾಗಿ ಆರು, ಏಳರ ಜೊತೆ ನಾಲ್ಕು, ಆರರ ಜೊತೆ ಎರಡು. ದಶಕ ಹುಟ್ಟಿಸುವ ಎಲ್ಲ ಲೆಕ್ಕಗಳೂ ಮೂಲದಲ್ಲಿ ಈ ಇಪ್ಪತ್ತರಿಂದ ಮತ್ತು ಸರಿಯಾಗಿ ಹತ್ತಾಗುವ ಐದು ಜೋಡಿಗಳಿಂದ ಹುಟ್ಟುತ್ತವೆ ಎಂದು ತಿಳಿದರೆ ದೊಡ್ಡವರಿಗೂ ಸಮಾಧಾನವಾಗುತ್ತದೆ. ನಿಮ್ಮ ಮಗಳ ಪುಟಗಳನ್ನು ನೋಡಿದರೆ ಇವುಗಳಲ್ಲಿ ಹೆಚ್ಚಿನವು ಅವಳಿಗೆ ಬರುತ್ತವೆ.

ಮುಂದೆ ಎಡವಬಹುದಾದ ಎರಡು ಜಾಗಗಳನ್ನು ಮಾತ್ರ ಹೇಳಿಬಿಡುತ್ತೇನೆ. ಮೂರು ಸಂಖ್ಯೆಗಳನ್ನು ಕೂಡುವಾಗ ಕೆಲವೊಮ್ಮೆ ಎರಡು ಕಟ್ಟುಗಳಾಗುತ್ತವೆ. ಒಂದನ್ನೇ ಒಯ್ದು ಅಭ್ಯಾಸವಾದ ಮಕ್ಕಳು ಆಗಲೂ ಒಂದನ್ನೇ ಬರೆಯುತ್ತಾರೆ. ಮೂರು ಆಳುಗಳು 48, 57, 39 ಕೆಜಿ ಕುಯ್ದರೆಂದು ಅಪ್ಪನ ಲೆಕ್ಕವನ್ನೇ ಕೊಡಿ. ಬಿಡಿಗಳು ಇಪ್ಪತ್ನಾಲ್ಕಾಗಿ ಎರಡು ಕಟ್ಟು ಹೊರಡುತ್ತವೆ, ಉತ್ತರ 144. ಎರಡನೆಯದು 99ಕ್ಕೆ 1 ಕೂಡುವಂಥ ಲೆಕ್ಕ, ಅಲ್ಲಿ ಬಿಡಿ ತುಂಬಿ ಕಟ್ಟಾಗುತ್ತದೆ, ಕಟ್ಟುಗಳೂ ಹತ್ತಾಗಿ ಇನ್ನೂ ದೊಡ್ಡದೊಂದು ಹುಟ್ಟುತ್ತದೆ. ಹತ್ತು ಕಟ್ಟುಗಳನ್ನು ದಾರದಿಂದ ಬಿಗಿದು ಹೊರೆ ಎಂದು ಹೆಸರಿಡಿ. ನೂರು ಕಡ್ಡಿಯ ಹೊರೆಯನ್ನು ಎತ್ತಿ ಹಿಡಿದ ಮಗು ನೂರನ್ನು ಬೇಗ ಮರೆಯುವುದಿಲ್ಲ.

ಟ್ಯೂಷನ್‌ನವರೊಡನೆ ಮಾತನಾಡಿ ಇಪ್ಪತ್ತನ್ನು ನಾಲ್ಕಕ್ಕೆ ಇಳಿಸಿ, ಒಪ್ಪದಿದ್ದರೆ ಎರಡು ತಿಂಗಳು ಬಿಡಿಸಿದರೂ ನಷ್ಟವಿಲ್ಲ. ದಿನಕ್ಕೆ ಹದಿನೈದು ನಿಮಿಷ, ನಾಲ್ಕು ಲೆಕ್ಕ, ಅದರಲ್ಲಿ ಒಂದು ಲೆಕ್ಕ ದಶಕ ಬಾರದ್ದಾಗಿರಲಿ, ಇಲ್ಲವಾದರೆ ಬೇಕಿರಲಿ ಬೇಡದಿರಲಿ ಒಂದನ್ನು ತಲೆಯ ಮೇಲೆ ಹಾಕುವ ಹೊಸ ಚಟ ಹತ್ತಿಕೊಳ್ಳುತ್ತದೆ. ಪ್ರತಿ ಲೆಕ್ಕಕ್ಕೂ ಮೊದಲು ಉತ್ತರ ಸುಮಾರು ಎಷ್ಟಿರಬಹುದು, ನೂರು ದಾಟುತ್ತದೆಯೇ ಎಂದು ಊಹಿಸಲು ಹೇಳಿ. ಊಹೆಗೆ ಅಂಕವಿಲ್ಲವಾದ್ದರಿಂದ ಅಲ್ಲಿ ಹೆದರಿಕೆಯೂ ಇರುವುದಿಲ್ಲ, 47ಕ್ಕೆ 38 ಕೂಡಿ ನೂರು ದಾಟದೆಂದು ಮೊದಲೇ ಹೇಳಿದ ಮಗು 715 ಬರೆದ ಮೇಲೆ ತಾನೇ ತಡೆದು ನೋಡುತ್ತದೆ. ಚಿಕ್ಕ ತರಗತಿಗಳ ಓದು ಮತ್ತು ಲೆಕ್ಕಕ್ಕಾಗಿ ಕೇಂದ್ರ ಸರ್ಕಾರ 2021ರಲ್ಲಿ ಆರಂಭಿಸಿದ ನಿಪುಣ್ ಭಾರತ್ ಯೋಜನೆಯಲ್ಲಿ ಮೂರನೆಯ ತರಗತಿಯ ಮಕ್ಕಳು 9999ರವರೆಗೆ ಸಂಖ್ಯೆಗಳನ್ನು ಓದಿ ಬರೆಯಬೇಕೆಂಬ ಗುರಿಯಿದೆ, ಶಾಲೆಯವರ ಅವಸರಕ್ಕೆ ಅಂಥ ಗುರಿಗಳೂ ಕಾರಣ. ಎರಡಂಕಿಯಲ್ಲಿ ಹತ್ತು ಅರ್ಥವಾದವರಿಗೆ ನಾಲ್ಕಂಕಿ ಅದೇ ಮಾತಿನ ಪುನರಾವರ್ತನೆ. ಆದ್ದರಿಂದ ಎರಡಂಕಿಯಲ್ಲಿ ಕಳೆದ ಒಂದು ತಿಂಗಳು ವ್ಯರ್ಥವಾಗುವುದಿಲ್ಲ.

ಕಲಿಕೆಯ ನ್ಯೂನತೆಯ ಬಗ್ಗೆ ಕೇಳಿದ್ದೀರಿ. ಗಣಿತಕ್ಕೆ ಸಂಬಂಧಿಸಿದ ಕಲಿಕಾ ನ್ಯೂನತೆಗೆ ಡಿಸ್ಕ್ಯಾಲ್ಕುಲಿಯಾ ಎಂದು ಹೆಸರು; 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಅದನ್ನು ನಿರ್ದಿಷ್ಟ ಕಲಿಕಾ ನ್ಯೂನತೆಗಳೊಳಗೆ ಸೇರಿಸಲಾಗಿದೆ. ಅಂಥ ಮಕ್ಕಳಿಗೆ ಸಾಮಾನ್ಯವಾಗಿ ತೊಂದರೆ ಇನ್ನೂ ಕೆಳಗಿನ ಮೆಟ್ಟಿಲಲ್ಲೇ ಕಾಣುತ್ತದೆ: ನಾಲ್ಕೈದು ವಸ್ತುಗಳನ್ನು ಕೂಡ ಎಣಿಸಿಯೇ ಹೇಳಬೇಕಾಗುವುದು, ಎಂಟು ದೊಡ್ಡದೋ ಆರು ದೊಡ್ಡದೋ ಎಂಬುದಕ್ಕೆ ತಡವಾಗುವುದು, ನಿನ್ನೆ ಬಂದ ಮೂರು ನಾಲ್ಕು ಏಳು ಇಂದು ಮತ್ತೆ ಹೊಸದಾಗುವುದು, ಹಿಂದಕ್ಕೆ ಎಣಿಸಲು ಬಾರದಿರುವುದು. ನಿಮ್ಮ ಪತ್ರದಲ್ಲೂ ಪುಟಗಳಲ್ಲೂ ಇವು ಯಾವುವೂ ನನಗೆ ಕಾಣಲಿಲ್ಲ. ಕಾಗದದ ಮೇಲಿನ ಮಾತಷ್ಟೇ ಇದು. ಮಗುವನ್ನು ಕಾಣದೆ ಖಚಿತವಾಗಿ ಹೇಳುವುದು ಸರಿಯಲ್ಲ. ಮೇಲೆ ಹೇಳಿದ ಕ್ರಮದಲ್ಲಿ ಮೂರು ತಿಂಗಳು ನಿಷ್ಠೆಯಿಂದ ಕೂತ ಮೇಲೂ ಬದಲಾವಣೆ ಕಾಣದಿದ್ದರೆ ಬೆಂಗಳೂರಿನ ನಿಮ್ಹಾನ್ಸ್ ಅಥವಾ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಬಹುದು, ಎಂಟು ವರ್ಷ ಅದಕ್ಕೆ ತಕ್ಕ ವಯಸ್ಸು. ಅದಕ್ಕೂ ಮೊದಲು ಈ ತಿಂಗಳೇ ಕಣ್ಣು ಪರೀಕ್ಷೆ ಮಾಡಿಸಿ. ಬೋರ್ಡಿನಿಂದ ಇಳಿಸಿಕೊಳ್ಳುವಾಗ ಅಂಕಿ ಪಕ್ಕದ ಮನೆಗೆ ಜಾರುವುದಕ್ಕೆ ದೃಷ್ಟಿದೋಷವೇ ಕಾರಣವಾಗಿದ್ದ ಮಕ್ಕಳನ್ನು ನಾನು ಕಂಡಿದ್ದೇನೆ. ಕನ್ನಡಕ ಬಂದ ವಾರದಲ್ಲಿ ಅವರ ಅರ್ಧ ತಪ್ಪುಗಳು ಮಾಯವಾದವು.

ಅಬ್ಯಾಕಸ್ ಈಗ ಬೇಡವೆಂಬುದು ನನ್ನ ಅಭಿಪ್ರಾಯ. ಆ ಚೌಕಟ್ಟಿನಲ್ಲಿ ಒಂದೊಂದು ಕಂಬಿಯೂ ಒಂದೊಂದು ಸ್ಥಾನವಾಗಿರುವುದರಿಂದ ಅದು ಕೆಟ್ಟ ಸಾಧನವಲ್ಲ. ಆದರೆ ಅಲ್ಲಿ ಎಂಟು ಕೂಡಬೇಕಾದಾಗ ಮಣಿ ಸಾಲದಿದ್ದರೆ ಎರಡು ತೆಗೆದು ಪಕ್ಕದ ಕಂಬಿಯಲ್ಲಿ ಒಂದು ಏರಿಸು ಎಂಬ ಸೂತ್ರವನ್ನು ಬೆರಳಿಗೆ ಕಲಿಸುತ್ತಾರೆ. ಹತ್ತು ಅರ್ಥವಾದ ಮಗುವಿಗೆ ಅದರಲ್ಲಿ ಸೊಗಸು ಕಾಣುತ್ತದೆ, ಅರ್ಥವಾಗದ ಮಗುವಿಗೆ ಅರ್ಥವಿಲ್ಲದ ನಿಯಮಗಳ ಮೇಲೆ ಇನ್ನೊಂದು ನಿಯಮವಾಗುತ್ತದೆ. ಮುಂದಿನ ವರ್ಷ ಅವಳೇ ಆಸೆಪಟ್ಟರೆ ಸೇರಿಸಿ.

ಒಂದು ತಿಂಗಳ ನಂತರ ಮತ್ತೆರಡು ಪುಟಗಳನ್ನು ಕಳುಹಿಸಿ. ತಪ್ಪಾದವುಗಳನ್ನು ರಬ್ಬರಿನಿಂದ ಅಳಿಸಬೇಡಿ, ಪ್ರತಿ ಲೆಕ್ಕದ ಪಕ್ಕದಲ್ಲಿ ಹೇಗೆ ಮಾಡಿದೆ ಎಂದು ಕೇಳಿದ್ದಕ್ಕೆ ಅವಳು ಕೊಟ್ಟ ಉತ್ತರವನ್ನು ಅವಳ ಮಾತಿನಲ್ಲಿಯೇ ಬರೆದಿಡಿ.